ಸೀಸದ ಗುಂಡು, ಅರಿಶಿನದ ಕೊಂಬು

ಪೆಟ್ರೋಲಿನ ಪಕ್ಕದಲ್ಲಿ ಕರ್ಪೂರ ಹಚ್ಚಬಾರದು ಅನ್ನುವಷ್ಟು ಬುದ್ಧಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಈ ಸಲದ ಆಯುಧಪೂಜೆಗೆ ಮೈಸೂರಿನ ಕೆಸರೆಗೆ ಹೋಗಿದ್ದೆ. ನನ್ನ ತಮ್ಮ ನಂಜುಂಡ ಅಲ್ಲಿ ಡ್ರೈವಿಂಗ್ ಸ್ಕೂಲು ನಡೆಸುತ್ತಾನೆ. ಸೇವಂತಿಗೆ ಹಾರ ಹಾಕಿ ಸಾಲಾಗಿ ನಿಲ್ಲಿಸಿದ ಕಾರುಗಳ ಮುಂದೆ ಮಹಾರಾಯ ಕರ್ಪೂರದ ತಟ್ಟೆ ಹಿಡಿದು ನಿಂತಿದ್ದ. ಕಾಲ ಬುಡದಲ್ಲೇ ಮುಚ್ಚಳ ತೆರೆದ ಪೆಟ್ರೋಲ್ ಕ್ಯಾನು.

"ಲೋ, ಕಣ್ಣು ಕಾಣುತ್ತೇನೋ ನಿಂಗೆ? ಬೀದಿಗೆಲ್ಲ ಬೆಂಕಿ ಹಚ್ತೀಯಾ?" ಎಂದು ಕೂಗಿದೆ.

"ಪ್ರತಿ ವರ್ಷ ಇದನ್ನೇ ಬೈತೀಯಲ್ಲಕ್ಕ, ನಿಂಗೂ ಬೇಜಾರಾಗಲ್ವಾ?" ಎಂದು ನಗುತ್ತಾ ಕ್ಯಾನನ್ನು ಕಾಲಿನಿಂದ ಆಚೆ ಸರಿಸಿದ.

ಅಷ್ಟರಲ್ಲಿ ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು, ಪೆಟ್ರೋಲಿನದೂ ಕರ್ಪೂರದ್ದೂ. ಆ ವಾಸನೆಗೆ ನನ್ನ ಮಟ್ಟಿಗೆ ಒಂದೇ ಊರು, ಒಂದೇ ವರ್ಷ. ಹೂಟಗಳ್ಳಿಯ ಒಂದು ಶೆಡ್ಡು, ನಂಜುಂಡ ಕಾರು ರೇಸಿಗೆ ಬಿದ್ದ ವರ್ಷ. ಅಪ್ಪಾಜಿ ಲಿಂಗೈಕ್ಯರಾಗಿ ಎಷ್ಟೋ ಕಾಲವಾಯಿತು. ಆ ವರ್ಷದ ಮಾತು ಮಾತ್ರ ನಾವಿಬ್ಬರೂ ಇವತ್ತಿಗೂ ಅಳುಕುತ್ತಲೇ ಎತ್ತುತ್ತೇವೆ.

ಇಸವಿ ಎರಡು ಸಾವಿರದ ಆಚೀಚೆ. ಮೊಬೈಲಿನಲ್ಲಿ ಮಾತಾಡುವವರನ್ನು ಬೀದಿಯಲ್ಲಿ ತಿರುಗಿ ನೋಡುತ್ತಿದ್ದ ಕಾಲ. ನಾನು ಮದುವೆಯಾಗಿ ಸರಸ್ವತಿಪುರಂನಲ್ಲಿದ್ದೆ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅಪ್ಪಾಜಿಗೆ ದೊಡ್ಡ ಗಡಿಯಾರದ ಹಿಂದಿನ ಓಣಿಯಲ್ಲಿ ಪೂಜಾ ಸಾಮಾನಿನ ಅಂಗಡಿ. ವಿಭೂತಿ ಗಟ್ಟಿ, ಕರ್ಪೂರ, ಧೂಪ, ಅರಿಶಿನ ಕುಂಕುಮ. ತಾತನ ಕಾಲದಿಂದ ಮಠಗಳಿಗೆ ವಿಭೂತಿ ಹೋಗುತ್ತಿದ್ದುದು ನಮ್ಮ ಅಂಗಡಿಯಿಂದಲೇ.

ಅದನ್ನು ವ್ಯಾನಿನಲ್ಲಿ ಹಾಕಿಕೊಂಡು ಹೋಗಿ ತಲುಪಿಸುತ್ತಿದ್ದವನು ನಂಜುಂಡ. ವಿಭೂತಿ ಗಟ್ಟಿಯನ್ನು ಸಾಗಿಸಿದವರಿಗೇ ಗೊತ್ತು ಅದರ ಕಷ್ಟ. ಜೋರಾಗಿ ಬ್ರೇಕು ಒತ್ತಿದರೆ ಒಡೆಯುತ್ತದೆ, ತಿರುವಿನಲ್ಲಿ ಎಳೆದಾಡಿದರೆ ಮೂಲೆ ಉದುರುತ್ತದೆ. ಒಡೆದ ಗಟ್ಟಿಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಅಪ್ಪಾಜಿಯ ಹತ್ತಿರ ಬೈಗುಳ ಬೇರೆ. ನಂಜನಗೂಡು ರಸ್ತೆಯ ಹಳ್ಳ ದಿಣ್ಣೆಗಳಲ್ಲಿ, ಕಡಕೊಳದ ಫ್ಯಾಕ್ಟರಿ ಲಾರಿಗಳ ನಡುವೆ ನುಸುಳಿಕೊಂಡು, ಬ್ರೇಕು ಮುಟ್ಟದೆ, ಹಾಗಂತ ನಿಧಾನವನ್ನೂ ಮಾಡದೆ ಓಡಿಸುವುದನ್ನು ಅವನು ಆ ವ್ಯಾನಿನಲ್ಲೇ ಕಲಿತ. ಕಲಿಯುತ್ತಿದ್ದೇನೆಂದು ಅವನಿಗೂ ಗೊತ್ತಿರಲಿಲ್ಲ ಅನ್ನಿ.

ಆಗ ಒಂದು ಕಾರು ಕಂಪನಿ ಸಣ್ಣ ಕಾರುಗಳಿಗೆಂದೇ ರೇಸು ನಡೆಸುತ್ತಿತ್ತು. ಎಲ್ಲರಿಗೂ ಒಂದೇ ಕಾರು. ಯಾವ ಕಾರು ಅಂತೀರಿ? ಡಾಕ್ಟರು, ಮೇಷ್ಟ್ರು, ಬಾಣಂತಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವವರು, ಎಲ್ಲರೂ ಓಡಿಸುತ್ತಿದ್ದ ಅದೇ ಪುಟ್ಟ ಕಾರು! ಹಿಂದಿನ ಸೀಟುಗಳನ್ನೂ ಸೈಲೆನ್ಸರನ್ನೂ ಕಿತ್ತು ಕಬ್ಬಿಣದ ಪಂಜರ ಕೂರಿಸಿದ್ದು ಬಿಟ್ಟರೆ ಬೇರೆ ಬದಲಾವಣೆ ಇಲ್ಲ. ಟೈರು ಅವರು ಕೊಟ್ಟಿದ್ದೇ ಆಗಬೇಕು. ಎಂಜಿನ್ನನ್ನು ಯಾರೂ ಬಿಚ್ಚಿ ಕಿತಾಪತಿ ಮಾಡಬಾರದೆಂದು ಮೇಲಿನ ಬೋಲ್ಟುಗಳಿಗೆ ಸಣ್ಣ ಕಂಬಿ ಪೋಣಿಸಿ, ತುದಿಗೆ ಸೀಸದ ಗುಂಡು ಒತ್ತಿ ಸೀಲು ಮಾಡುತ್ತಿದ್ದರು. ದುಡ್ಡಿದ್ದವನಿಗೂ ಇಲ್ಲದವನಿಗೂ ಎಂಜಿನ್ನು ಒಂದೇ. ಗೆದ್ದರೆ ಓಡಿಸುವವನ ಕೈಯಿಂದ ಗೆಲ್ಲಬೇಕು. ನಂಜುಂಡನಿಗೆ ಇಷ್ಟವಾದದ್ದೇ ಅದು.

"ಅಪ್ಪಾಜಿ, ಒಂದೇ ಒಂದು ವರ್ಷ" ಎಂದು ಕೇಳಿದ. ವರ್ಷದುದ್ದಕ್ಕೂ ಬೇರೆ ಬೇರೆ ಊರುಗಳಲ್ಲಿ ನಡೆಯುವ ಸುತ್ತುಗಳೆಲ್ಲ ಮುಗಿದಾಗ ಪಾಯಿಂಟಿನಲ್ಲಿ ಮೊದಲು ಬಂದವನಿಗೆ ಮುಂದಿನ ವರ್ಷ ಕಂಪನಿಯೇ ತನ್ನ ತಂಡದಲ್ಲಿ ಜಾಗ ಕೊಟ್ಟು ದೊಡ್ಡ ಕಾರು ಓಡಿಸಲು ಬಿಡುತ್ತಿತ್ತು.

ಅಪ್ಪಾಜಿ ತಕ್ಕಡಿಯಿಂದ ತಲೆ ಎತ್ತಲಿಲ್ಲ. "ಒಂದು ವರ್ಷ. ಜಾಗ ಸಿಕ್ತೋ, ನಿನ್ನ ದಾರಿ ನಿಂದು. ಸಿಗ್ಲಿಲ್ವೋ, ಅಂಗಡೀಲಿ ಕೂತ್ಕೋ. ಆಮೇಲೆ ರೇಸು ಗೀಸು ಅನ್ನೋ ಮಾತು ಎತ್ತಕೂಡದು" ಅಂದರು.

ಅಪ್ಪಾಜಿಯ ಮಾತು ಅಂದರೆ ಮಾತು. ತೂಕದ ವಿಷಯದಲ್ಲಿ ಹೇಗೋ ಮಾತಿನಲ್ಲೂ ಹಾಗೇ. ತೂಕ ಮತ್ತು ಅಳತೆ ಇಲಾಖೆಯವರು ವರ್ಷ ವರ್ಷ ಬಂದು ತೂಕದ ಕಲ್ಲುಗಳ ತಳದಲ್ಲಿರುವ ಸೀಸದ ಮೇಲೆ ಮುದ್ರೆ ಒತ್ತಿ ಹೋಗುತ್ತಾರಲ್ಲ, ಆ ಮುದ್ರೆಯನ್ನು ಅವರು ಕಣ್ಣಿನ ಹಾಗೆ ಕಾಯುತ್ತಿದ್ದರು. ಕಲ್ಲು ತೊಳೆಯುವಾಗ ಅಮ್ಮ ಆ ಕಡೆ ಉಜ್ಜಿದರೆ ಸಾಕು, "ಸೀಸ ಮುಟ್ಟಬೇಡ ಕಣೇ!" ಎಂದು ಗುಡುಗುತ್ತಿದ್ದರು. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ಬರುತ್ತದೆ.

ಹೂಟಗಳ್ಳಿಯಲ್ಲಿ ಶೆಡ್ಡು ಸಿಕ್ಕಿತು. ಕಡಕೊಳದ ಕಡೆಯ ರಾಜಣ್ಣ ಮೆಕ್ಯಾನಿಕ್ಕಾಗಿ ಬಂದ. ವ್ಯವಸಾಯದ ಮನೆಯವನು, ಪಂಪ್‌ಸೆಟ್ಟು ರಿಪೇರಿಯಿಂದ ಕಾರಿಗೆ ಬಂದವನು, ನಾಲಗೆಗೆ ಮೂಳೆಯಿಲ್ಲದವನು. ರೇಸಿನ ಕಾರಿಗೆ ಸೈಲೆನ್ಸರು ತೆಗೆದಿದ್ದರಿಂದ ಅದು ಕೂಗಿದರೆ ಅರ್ಧ ಹೂಟಗಳ್ಳಿಗೆ ಕೇಳುತ್ತಿತ್ತು. ಅಪ್ಪಾಜಿ ಅದನ್ನು ಕೂಗುಮಾರಿ ಎಂದು ಕರೆದರು. "ಎಲ್ಲಿ ಕಣಮ್ಮ ನಿನ್ನ ತಮ್ಮ? ಕೂಗುಮಾರಿ ಹತ್ರಾನಾ?" ಹೀಗೆ ಕೇಳುವರೇ ಹೊರತು ಒಂದು ದಿನವೂ ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

ನನ್ನ ಪಾಲಿಗೆ ಬಂದದ್ದು ಬೋರ್ಡು. ಕಾರು ಪ್ರತಿ ಸಲ ಟ್ರ್ಯಾಕನ್ನು ಬಳಸಿಕೊಂಡು ನಮ್ಮ ಮುಂದೆ ಹಾದುಹೋಗುವಾಗ ಎಷ್ಟು ಸೆಕೆಂಡು, ಎಷ್ಟನೇ ಸ್ಥಾನ ಎಂದು ಸ್ಲೇಟಿನಂಥ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಬೇಕು. ಕಾರುಗಳೆಲ್ಲ ಒಂದೇ ಆದಮೇಲೆ ಗುಟ್ಟು ಅಂತ ಇದ್ದದ್ದು ಆ ಹಲಗೆಯಲ್ಲಿ ಮಾತ್ರ. ಪಕ್ಕದವರ ಹಲಗೆಯನ್ನು ಎಲ್ಲರೂ ಕದ್ದು ಓದುವುದನ್ನು ಮೊದಲ ಸುತ್ತಿನಲ್ಲೇ ನೋಡಿದೆ. ನನಗೆ ಕೋಪ ಬಂತು. ಎರಡನೇ ಸುತ್ತಿನಿಂದ ಎಲ್ಲವನ್ನೂ ಕನ್ನಡದ ಅಂಕಿಗಳಲ್ಲಿ ಬರೆಯತೊಡಗಿದೆ. ೩, ೬, ೯ ನೋಡಿ ಚೆನ್ನೈಯವರೂ ಪುಣೆಯವರೂ ತಲೆ ಕೆರೆದುಕೊಂಡರು. ರಾಜಣ್ಣನಂತೂ "ಅಕ್ಕಾವ್ರೇ, ಸಂಸ್ಕೃತದಲ್ಲೂ ಬರೀರಿ, ಒಬ್ಬುನ್ಗೂ ತಿಳೀಬಾರ್ದು" ಎಂದು ಕುಣಿದಾಡಿದ.

ಕೊಯಮತ್ತೂರಿನ ಸುತ್ತಿನಲ್ಲಿ ಬೆಂಗಳೂರಿನ ಹುಡುಗ ರೋಹಿತ್ ನನ್ನ ಹತ್ತಿರ ಬಂದು, "ಅಕ್ಕಾ, ಬೋರ್ಡು ಚೆನ್ನಾಗಿದೆ. ಆದ್ರೆ ನಂಗೂ ಓದಕ್ಕೆ ಬರುತ್ತೆ" ಎಂದು ಹಲ್ಲು ಕಿರಿದ. ಪಾಯಿಂಟಿನಲ್ಲಿ ನಂಜುಂಡನ ಬೆನ್ನಿಗೇ ಇದ್ದವನು ಅವನೇ. ಒಳ್ಳೆಯ ಹುಡುಗ, ಬೈಯಲೂ ಮನಸ್ಸು ಬರಲಿಲ್ಲ.

ಆ ಸುತ್ತನ್ನು ನಂಜುಂಡ ಗೆದ್ದ. ಅಷ್ಟು ಪುಟ್ಟ ಎಂಜಿನ್ನಿನ ಕಾರು ಒಮ್ಮೆ ವೇಗ ಕಳೆದುಕೊಂಡರೆ ಮತ್ತೆ ಎತ್ತಿಕೊಳ್ಳುವುದು ಕಷ್ಟ. ಮಿಕ್ಕವರು ತಿರುವಿನಲ್ಲಿ ಬ್ರೇಕು ಒತ್ತಿ ಟೈರು ಕಿರುಚಿಸುತ್ತಿದ್ದರೆ, ಇವನು ಹಿಂದುಗಡೆ ವಿಭೂತಿ ಇದೆಯೇನೋ ಅನ್ನುವ ಹಾಗೆ ಮೆತ್ತಗೆ ತಿರುಗಿಸಿಕೊಂಡು ಮುಂದೆ ಹೋಗಿಬಿಡುತ್ತಿದ್ದ. ಮೈಸೂರಿನ ಪತ್ರಿಕೆಯಲ್ಲಿ ಫೋಟೋ ಬಂತು. ಗಿರಾಕಿಯೊಬ್ಬರು ಅದನ್ನು ಅಂಗಡಿಗೆ ತಂದು ತೋರಿಸಿದರಂತೆ. ಅಪ್ಪಾಜಿ ಕನ್ನಡಕ ಏರಿಸಿ ನೋಡಿ, "ನಮ್ಮ ವ್ಯಾನ್ ಓಡಿಸ್ತಿದ್ದಾಗ್ಲೂ ಒಂದು ಗಟ್ಟೀನೂ ಒಡೀತಿರ್ಲಿಲ್ಲ ಕಣ್ರೀ" ಅಂದರಂತೆ. ಅಮ್ಮ ಇದನ್ನು ಹೇಳಿದಾಗ ನನಗೆ ಅಳು ಬಂತು. ಆ ಮನುಷ್ಯನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾವು ಕೇಳಿರಲಿಲ್ಲ.

ದಸರಾ ಬಂತು. ಕೊನೆಯ ಸುತ್ತು ಇದ್ದದ್ದು ಚೆನ್ನೈಯಾಚೆ, ವಿಜಯದಶಮಿ ಆದಮೇಲೆ ಬರುವ ಭಾನುವಾರ. ನಂಜುಂಡ ಮೊದಲಿದ್ದ, ರೋಹಿತ್ ಎರಡನೆಯವನು. ನಂಜುಂಡ ಆ ದಿನ ಅವನ ಹಿಂದೆಯೇ ಬಂದರೂ ಸಾಕಿತ್ತು, ಜಾಗ ಅವನದೇ.

ಆಯುಧಪೂಜೆಯ ಬೆಳಿಗ್ಗೆ ನಂಜುಂಡ ಬೂದುಗುಂಬಳಕಾಯಿ ಬಾಳೆಕಂದು ತರಲು ಮಾರ್ಕೆಟ್ಟಿಗೆ ಹೋಗಿದ್ದ. ರಾಜಣ್ಣ ಸ್ನಾನಕ್ಕೆ ಮನೆಗೆ ಹೋಗಿದ್ದ. ನಾನು ಅಮ್ಮನ ಜೊತೆ ಹೋಳಿಗೆ ಬೇಯಿಸುತ್ತಿದ್ದೆ. ಡಬ್ಬಿ ಹಿಡಿದುಕೊಂಡು ಶೆಡ್ಡಿಗೆ ಹೋಗುವ ಹೊತ್ತಿಗೆ ಬಾಗಿಲಲ್ಲಿ ನಂಜುಂಡನೂ ರಾಜಣ್ಣನೂ ಬಾಯಿ ತೆರೆದು ನಿಂತಿದ್ದರು. ಒಳಗೆ ಅಪ್ಪಾಜಿ! ಬಿಳಿ ಪಂಚೆ ಎತ್ತಿ ಕಟ್ಟಿ, ಮೊಣಕೈವರೆಗೂ ಮಸಿ ಮಾಡಿಕೊಂಡು, ಸೀಮೆಎಣ್ಣೆ ಬಟ್ಟೆಯಲ್ಲಿ ಕೂಗುಮಾರಿಯನ್ನು ಉಜ್ಜುತ್ತಿದ್ದರು.

"ಏನು ನೋಡ್ತಿದೀರಾ? ಅಂಗಡಿ ತಕ್ಕಡಿಗೆ ಪೂಜೆ ಮಾಡ್ತೀವಿ, ಮಗ ಕೂತ್ಕೊಳೋ ಗಾಡಿಗೆ ಬೇಡ್ವಾ?" ಅಂದರು. "ಎಂಜಿನ್ನು ಎಷ್ಟು ಗಲೀಜಾಗಿತ್ತಪ್ಪಾ! ತುಕ್ಕು ಗಿಕ್ಕು, ಸುತ್ತಿದ್ದ ಹಳೇದು ಪಳೇದು ಎಲ್ಲ ತೆಗ್ದು ಫಸ್ಟ್ ಕ್ಲಾಸ್ ಮಾಡಿದೀನಿ."

ನಾವು ಯಾರೂ ಆ ಮಾತಿಗೆ ಕಿವಿಗೊಡಲಿಲ್ಲ. ಅಪ್ಪಾಜಿ ಬಂದಿದ್ದಾರಲ್ಲ ಅನ್ನುವ ಸಂತೋಷದಲ್ಲಿ ಬೇರೇನು ಕೇಳೀತು? ಬಾನೆಟ್ಟಿಗೆ ವಿಭೂತಿ ಪಟ್ಟೆ, ಸ್ಟೀರಿಂಗಿಗೆ ಗೇರಿಗೆ ಎಂಜಿನ್ನಿಗೆ ಅರಿಶಿನದ ಕೊಂಬು ಕಟ್ಟಿದ ಹಳದಿ ದಾರ. ಕರ್ಪೂರ ಹಚ್ಚಿದರು, ಪೆಟ್ರೋಲ್ ಡಬ್ಬ ಪಕ್ಕದಲ್ಲೇ ಇತ್ತು, ನಾನು ಬೈದೆ, ಎಲ್ಲರೂ ನಕ್ಕರು. ಆಮೇಲೆ ರಾಜಣ್ಣ ತನ್ನ ಸ್ಪ್ಯಾನರು, ಇಕ್ಕಳಗಳನ್ನೆಲ್ಲ ತೊಳೆದು ಬಾಳೆಲೆಯ ಮೇಲಿಟ್ಟು ಕೈಮುಗಿದ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿ ಕಳೆಯುವವರೆಗೂ ಮುಟ್ಟುವ ಹಾಗಿಲ್ಲ. ಹಾಗಾಗಿ ಬಾನೆಟ್ಟನ್ನು ಯಾರೂ ಮತ್ತೆ ಎತ್ತಲಿಲ್ಲ. ವಿಜಯದಶಮಿಯ ಮಾರನೇ ದಿನ ಕಾರನ್ನು ಹೂವಿನ ಸಮೇತ ತಳ್ಳಿಕೊಂಡು ಲಾರಿಗೆ ಹತ್ತಿಸಿದೆವು.

"ನಾನೂ ಬರ್ತೀನಿ" ಅಂದರು ಅಪ್ಪಾಜಿ. ಅಂಗಡಿಗೆ ಬೀಗ ಹಾಕಿಕೊಂಡು ನಮ್ಮ ಜೊತೆ ರೈಲು ಹತ್ತಿದರು.

ರೇಸಿನ ದಿನ ಬೆಳಿಗ್ಗೆ ಜೋರು ಮಳೆ ಹೊಯ್ದು ನಿಂತಿತ್ತು. ಓಡುವ ಮೊದಲು ಪ್ರತಿ ಕಾರನ್ನೂ ತಪಾಸಣೆ ಮಾಡುತ್ತಾರೆ. ತಪಾಸಣೆಯ ಅಧಿಕಾರಿ ವಯಸ್ಸಾದ ತಮಿಳಿನವರು, ಬಾನೆಟ್ಟು ಎತ್ತಿದವರು ಹಾಗೇ ನಿಂತುಬಿಟ್ಟರು. ಬೋಲ್ಟಿನಿಂದ ಬೋಲ್ಟಿಗೆ ಇರಬೇಕಾದ ಕಂಬಿ ಇಲ್ಲ, ಸೀಸದ ಗುಂಡಿಲ್ಲ. ಅದೇ ಜಾಗದಲ್ಲಿ ಅಚ್ಚುಕಟ್ಟಾಗಿ ಗಂಟು ಹಾಕಿದ ಹಳದಿ ದಾರ, ಮಧ್ಯೆ ಒಂದು ಅರಿಶಿನದ ಕೊಂಬು.

ಮಸಿಯ ಅಡಿಯಲ್ಲಿ ಅದು ಸೀಲೆಂದು ಅಪ್ಪಾಜಿಗೆ ಹೇಗೆ ತಿಳಿಯಬೇಕು? ಯಾರೋ ಕಟ್ಟಿಬಿಟ್ಟ ಹಳೇ ಕಂಬಿ ಅಂದುಕೊಂಡು ಕಿತ್ತೆಸೆದಿದ್ದರು.

ಅಧಿಕಾರಿ ಬೆರಳು ತೋರಿಸಿ ಇಂಗ್ಲಿಷಿನಲ್ಲಿ ಕೇಳಿದರು: ಇದನ್ನು ಕತ್ತರಿಸಿದವರು ಯಾರು?

ಅಪ್ಪಾಜಿ ಅಲ್ಲೇ, ನಂಜುಂಡನ ಹಿಂದೆ, ಕೊಡೆ ಹಿಡಿದು ನಿಂತಿದ್ದರು. ಅವರಿಗೆ ಇಂಗ್ಲಿಷು ಬಾರದು. ನಂಜುಂಡ ಅವರ ಕಡೆ ತಿರುಗಿಯೂ ನೋಡಲಿಲ್ಲ. "ನಾನೇ ಸರ್" ಎಂದು ಇಂಗ್ಲಿಷಿನಲ್ಲೇ ಹೇಳಿದ. "ತೊಳೆಯುವಾಗ ನನ್ನ ಕೈಯಿಂದಲೇ ಹೋಯಿತು. ಎಂಜಿನ್ನು ಬಿಚ್ಚಿಲ್ಲ."

"ಸೀಲು ಕೀಳುವವರೆಲ್ಲ ಹೀಗೇ ಹೇಳುತ್ತಾರಪ್ಪ" ಅಂದರು ಆತ. ದನಿಯಲ್ಲಿ ಕೋಪವಿರಲಿಲ್ಲ, ನಂಬಿಕೆಯೂ ಇರಲಿಲ್ಲ.

ರಾಜಣ್ಣ ಅಡ್ಡ ಬಂದ. "ಸಾರ್, ಬಿಚ್ ನೋಡಿ ಸಾರ್! ಒಂದ್ ನಟ್ಟು ಅಳ್ಳಾಡ್ಸಿದ್ರೆ ನನ್ ಕೈ ಕತ್ತರ್ಸಿ! ಎಂಗ್ ಸಾರ್ ಇಂಗ್ ಮಾಡ್ತೀರಾ?" ಅವನ ಕನ್ನಡ ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ, ಅಳು ಮಾತ್ರ ಅರ್ಥವಾಗಿರಬೇಕು. ಅಧಿಕಾರಿ ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು. ಎಲ್ಲರ ಹಿಂದಿನಿಂದ ಓಡಬಹುದು. ರೇಸಾದ ಮೇಲೆ ಎಂಜಿನ್ನು ಬಿಚ್ಚಿ ನೋಡುತ್ತಾರೆ, ಸರಿಯಿದ್ದರೆ ಮೋಸದ ಹೆಸರು ಬರುವುದಿಲ್ಲ. ಆದರೆ ಸೀಲಿಲ್ಲದ ಕಾರಿಗೆ ಪಾಯಿಂಟಿಲ್ಲ.

ಪಾಯಿಂಟಿಲ್ಲ ಅಂದರೆ ಜಾಗವಿಲ್ಲ. ಜಾಗವಿಲ್ಲ ಅಂದರೆ ಅಂಗಡಿ.

ನಾನು ಅವನನ್ನು ಪಕ್ಕಕ್ಕೆ ಎಳೆದು, "ಯಾಕೋ ಹಂಗಂದೆ? ಪೂಜೆ ವಿಷಯ ಹೇಳಿದ್ರೆ ಅವರಿಗೂ ಅರ್ಥ ಆಗ್ತಿತ್ತು" ಎಂದೆ.

"ಸುಮ್ನಿರಕ್ಕ. ಯಾರು ಕಿತ್ರೂ ರೂಲು ಅದೇ. ಅಪ್ಪಾಜಿನ ಇಷ್ಟು ಜನದ ಮುಂದೆ ನಿಲ್ಲಿಸಿ ಕೇಳ್ತಿದ್ರು" ಅಂದ. ಹೆಲ್ಮೆಟ್ಟು ಹಾಕಿಕೊಳ್ಳುತ್ತಾ, "ಮೊದಲ್ನೇ ಸಲ ಬಂದಿದಾರೆ. ಹಿಂದಿನಿಂದ ಬಂದ್ರೂ ಚೆನ್ನಾಗಿ ಓಡಿಸ್ಬುಡ್ತೀನಿ ನೋಡು" ಅಂದ.

ಓಡಿಸಿದ. ದೇವರೇ, ಹೇಗೆ ಓಡಿಸಿದ! ಟ್ರ್ಯಾಕು ಇನ್ನೂ ಒದ್ದೆ. ಮುಂದಿದ್ದವರು ತಿರುವು ತಿರುವಿಗೂ ಜಾರಿ ಹುಲ್ಲಿಗೆ ಹೋಗುತ್ತಿದ್ದರೆ ಇವನು ಒಬ್ಬೊಬ್ಬರನ್ನೇ ದಾಟಿ ಬಂದ. ನಾನು ಅಭ್ಯಾಸಬಲದಿಂದ ಅಂಕಿ ಬರೆಯಲು ಹೋದೆ. ಯಾವ ಅಂಕಿ ಬರೆಯಲಿ? ಯಾವ ಸ್ಥಾನಕ್ಕೂ ಬೆಲೆಯಿರಲಿಲ್ಲ. ಸೆರಗಿನಲ್ಲಿ ಹಲಗೆ ಒರೆಸಿ ದೊಡ್ಡದಾಗಿ ಬರೆದೆ: ಅಪ್ಪಾಜಿ ನೋಡ್ತಿದಾರೆ.

ಅಪ್ಪಾಜಿ ನಿಜವಾಗಿಯೂ ನೋಡುತ್ತಿದ್ದರು. ಕೊಡೆ ಎಲ್ಲೋ ಬಿಟ್ಟಿದ್ದರು, ಎರಡೂ ಕೈಯಲ್ಲಿ ಕಂಬಿಬೇಲಿ ಹಿಡಿದಿದ್ದರು. ಕೂಗುಮಾರಿ ಹಾದುಹೋದಾಗಲೆಲ್ಲ ತುಟಿ ಅಲ್ಲಾಡುತ್ತಿತ್ತು. ಮಂತ್ರವೋ ಮಗನ ಹೆಸರೋ ಗೊತ್ತಾಗಲಿಲ್ಲ. ನಂಜುಂಡ ರೋಹಿತನ ಬಾಲಕ್ಕೆ ಅಂಟಿಕೊಂಡು ಎರಡನೆಯವನಾಗಿ ಗೆರೆ ದಾಟಿದ. ಪಾಯಿಂಟು ಇದ್ದಿದ್ದರೆ ಅಷ್ಟೇ ಬೇಕಾದಷ್ಟಾಗುತ್ತಿತ್ತು.

ಸಂಜೆ ಎಂಜಿನ್ನು ಬಿಚ್ಚಿ ನೋಡಿ ಎಲ್ಲ ಸರಿಯಿದೆ ಅಂದರು. ವರ್ಷದ ಬಹುಮಾನ ರೋಹಿತನಿಗೆ ಹೋಯಿತು. ಅವನು ಅದನ್ನು ಕಂಕುಳಲ್ಲಿಟ್ಟುಕೊಂಡೇ ಬಂದು ಅಪ್ಪಾಜಿಯ ಕಾಲು ಮುಟ್ಟಿದ. "ಅಂಕಲ್, ಅಕ್ಕನ ಬೋರ್ಡು ನಾನೂ ಓದ್ದೆ. ಇವತ್ತು ನಿಮ್ಮ ಮಗನಷ್ಟು ಚೆನ್ನಾಗಿ ಯಾರೂ ಓಡಿಸ್ಲಿಲ್ಲ" ಅಂದ. ಅಪ್ಪಾಜಿ ಅವನ ತಲೆ ಮೇಲೆ ಕೈಯಿಟ್ಟರು. ವಾಪಸು ರೈಲಿನಲ್ಲಿ ಅವರು ಮಾತೇ ಆಡಲಿಲ್ಲ. ಮಗ ಸೋತನಲ್ಲ ಎಂಬ ಬೇಸರ ಇರಬೇಕು, ಸದ್ಯ, ಸೀಲಿನ ವಿಷಯ ತಿಳಿದಿಲ್ಲವಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ನಂಜುಂಡ ಕಿಟಕಿಗೆ ತಲೆ ಆನಿಸಿ ಮಲಗಿದ ಹಾಗೆ ಮಾಡುತ್ತಿದ್ದ.

ಮಾತು ಕೊಟ್ಟಿದ್ದನಲ್ಲ, ಊರಿಗೆ ಬಂದವನು ಅಂಗಡಿಯಲ್ಲಿ ಕುಳಿತ. ತೂಗಿದ, ಪೊಟ್ಟಣ ಕಟ್ಟಿದ, ಗಿರಾಕಿಗಳ ಹತ್ತಿರ ನಗುನಗುತ್ತಾ ಮಾತಾಡಿದ. ಅದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಕೂಗುಮಾರಿ ಹೂಟಗಳ್ಳಿಯಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ರಾಜಣ್ಣ ಆಗಾಗ ಅಂಗಡಿಗೆ ಬಂದು, "ಓಗ್ಲಿ ಬುಡಣ್ಣ" ಎಂದು ಅವನಿಗೆ ಹೇಳಿ, ಹೊರಗೆ ಹೋಗಿ ತಾನೇ ಕಣ್ಣೊರೆಸಿಕೊಳ್ಳುತ್ತಿದ್ದ.

ಮಾರ್ಚಿನ ಸೆಕೆಯಲ್ಲಿ ಒಂದು ದಿನ ಶಾಲೆಯಿಂದ ಹಾಗೇ ಅಂಗಡಿಗೆ ಹೋಗಿದ್ದೆ. ತೂಕ ಮತ್ತು ಅಳತೆ ಇಲಾಖೆಯವರು ಬಂದಿದ್ದರು. ಕಲ್ಲುಗಳನ್ನು ಸಾಲಾಗಿಟ್ಟುಕೊಂಡು, ಒಂದೊಂದನ್ನೇ ತೂಗಿ, ತಳದ ಸೀಸದ ಮೇಲೆ ಹೊಸ ಮುದ್ರೆ ಹೊಡೆಯುತ್ತಿದ್ದರು. ನಂಜುಂಡ ಎತ್ತಿ ಕೊಡುತ್ತಿದ್ದ. ಅಪ್ಪಾಜಿ ಗಾದಿಯ ಮೇಲೆ ಕುಳಿತು ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದರು:

"ಸ್ವಾಮಿ, ಕಲ್ಲಿನ ತೂಕ ಸರಿಯಾಗೇ ಇರುತ್ತೆ ಅಂತಿಟ್ಕೊಳ್ಳಿ. ಸೀಸ ಒಂದು ಬಿದ್ದುಹೋಗಿರುತ್ತೆ. ಆಗ?"

"ಆಗ ಅದು ಕಲ್ಲೇ ಅಲ್ಲ ಯಜಮಾನ್ರೇ. ಸರಿಯಿದೆ ಅಂತ ನೀವು ಹೇಳಿದ್ರೆ ಆಯ್ತಾ? ಸೀಲು ಹೇಳ್ಬೇಕು."

"ಬೀಳ್ಸಿದ್ದು ಯಾರೋ, ಅನುಭವಿಸೋದು ಯಾರೋ" ಅಂದರು ಅಪ್ಪಾಜಿ.

ನಂಜುಂಡನ ಕೈಯಲ್ಲಿದ್ದ ಕಲ್ಲು ಅಲ್ಲೇ ನಿಂತಿತು. ನನಗೂ ಆಗಲೇ ಹೊಳೆದದ್ದು. ಇಂಗ್ಲಿಷು ಬಾರದಿದ್ದರೇನು? ಸೀಸದ ಮುದ್ರೆಯ ಜೊತೆ ಜೀವಮಾನ ಕಳೆದ ಮನುಷ್ಯ. ಆ ಅಧಿಕಾರಿ ದಾರದ ಕಡೆ ಬೆರಳು ತೋರಿಸಿದ ಕ್ಷಣವೇ ಅವರಿಗೆ ಎಲ್ಲ ತಿಳಿದುಹೋಗಿತ್ತು. ಮಗ ತನ್ನ ಮೇಲೆ ಹಾಕಿಕೊಂಡಿದ್ದೂ ತಿಳಿದಿತ್ತು. ಅವನು ಉಳಿಸಿದ ಮರ್ಯಾದೆಯನ್ನು ಅಲ್ಲೇ ಕಳೆಯಬಾರದೆಂದು ಬಾಯಿ ಮುಚ್ಚಿಕೊಂಡು ಅಷ್ಟು ತಿಂಗಳು ಒಬ್ಬರೇ ಹೊತ್ತುಕೊಂಡಿದ್ದರು.

ಇಲಾಖೆಯವರು ಹೋದಮೇಲೆ ಅಪ್ಪಾಜಿ ಕೈ ಚಾಚಿದರು. "ಅಂಗಡಿ ಬೀಗದ ಕೈ ಇಲ್ಲಿ ಕೊಡು."

"ಯಾಕಪ್ಪಾಜಿ?"

"ಯಾಕೆ ಗೀಕೆ ಬೇಡ. ನಿಂಗೆ ತೂಗಕ್ಕೆ ಬರಲ್ಲ. ಹೋಗು, ಕೂಗುಮಾರಿ ಮೇಲಿನ ಟಾರ್ಪಾಲು ತೆಗಿ. ಈ ವರ್ಷಾನೂ ಓಡ್ಸು."

ಜೀವಮಾನದಲ್ಲಿ ಒಮ್ಮೆಯೂ ಮಾತು ಮುರಿಯದವರು ಅವತ್ತು ತಮ್ಮ ಮಾತನ್ನು ತಾವೇ ಮುರಿದರು. ಆ ವರ್ಷ ನಂಜುಂಡ ಮತ್ತೆ ಓಡಿದ, ಮೂರನೆಯವನಾದ, ದೊಡ್ಡ ಕಾರು ಅವನಿಗೆ ಕೊನೆಗೂ ಸಿಗಲಿಲ್ಲ. ಆಮೇಲೆ ಡ್ರೈವಿಂಗ್ ಸ್ಕೂಲು ಶುರುಮಾಡಿದ. ಅದರ ಬಗ್ಗೆ ಅವನಿಗೆ ಬೇಸರವಿದ್ದದ್ದನ್ನು ನಾನು ನೋಡಿಲ್ಲ. ನನಗೆ ಹೇಳಬೇಕಾದ್ದು ಆ ಎರಡನೇ ವರ್ಷದ ಆಯುಧಪೂಜೆ.

ಅಪ್ಪಾಜಿ ಬೆಳಿಗ್ಗೆಯೇ ಶೆಡ್ಡಿಗೆ ಬಂದರು. ರಾಜಣ್ಣ ಅಭ್ಯಾಸದಂತೆ ಬಾನೆಟ್ಟು ಎತ್ತಲು ಹೋದ. "ಬೇಡ ಬುಡಪ್ಪ, ಮುಚ್ಚೇ ಇರ್ಲಿ" ಅಂದರು. ಹೊರಗಿನಿಂದಲೇ ವಿಭೂತಿ ಹಚ್ಚಿದರು, ಹೊರಗಿನಿಂದಲೇ ಹೂವು ಹಾಕಿದರು. ಕೈ ಒಳಗೆ ಹೋಗಿಬಿಟ್ಟೀತೇನೋ ಎಂದು ಹೆದರಿದವರ ಹಾಗೆ ಬಾನೆಟ್ಟಿನ ಅಂಚನ್ನೂ ಮುಟ್ಟಲಿಲ್ಲ. ಆಮೇಲೆ ಜೇಬಿನಿಂದ ಅರಿಶಿನದ ಕೊಂಬು ಕಟ್ಟಿದ ದಾರ ತೆಗೆದು ನಂಜುಂಡನನ್ನು ಕರೆದರು.

"ಬಲಗೈ ಕೊಡಪ್ಪ."

ಕೊಟ್ಟ. ಅಪ್ಪಾಜಿ ಮಣಿಕಟ್ಟಿಗೆ ದಾರ ಸುತ್ತಿ ಗಂಟು ಹಾಕಿದರು.

"ಎಂಜಿನ್ನಿಗೆ ಅವರು ಕಟ್ಟಿರೋದು ಇದೆ, ಅದು ಇರ್ಲಿ" ಅಂದರು, ಮಗನ ಮುಖ ನೋಡದೆ. "ಇದು ಓಡ್ಸೋ ಕೈಗೆ. ಹೋದ್ಸಲಾನೂ ಇಲ್ಲೇ ಕಟ್ಬೇಕಾಗಿತ್ತು ಕಣಪ್ಪ."

ನಂಜುಂಡ ಬಗ್ಗಿ ಅವರ ಪಾದ ಮುಟ್ಟಿದವನು ಬಹಳ ಹೊತ್ತು ಏಳಲಿಲ್ಲ. ಅಪ್ಪಾಜಿ ಅವನ ಬೆನ್ನು ಸವರುತ್ತಲೇ ಇನ್ನೊಂದು ಕೈಯಲ್ಲಿ ಕರ್ಪೂರ ಹಚ್ಚಿದರು. ಪೆಟ್ರೋಲ್ ಡಬ್ಬ ಪಕ್ಕದಲ್ಲೇ, ಮುಚ್ಚಳ ತೆರೆದೇ ಇತ್ತು. ಅವತ್ತೊಂದು ದಿನ ನಾನು ಬೈಯಲಿಲ್ಲ.